ಹಿಮಾಲಯ ದಾಟಿದ ಟಿಟ್ಟಿಭದ ಹಾಡು

ಕೆರೆಯಂಚಿನ ಜಾಲಿಮರದಲ್ಲಿ ಒಂದು ಕಾಜಾಣವಿತ್ತು. ಯಾವ ಹಕ್ಕಿಯ ಹಾಡನ್ನಾದರೂ ಒಮ್ಮೆ ಕೇಳಿದರೆ ಸಾಕು, ಕಲಿತುಬಿಡುತ್ತಿತ್ತು. ಕಲಿತದ್ದನ್ನು ಮೊದಲು ಪಕ್ಕದ ತೋಪಿಗೆ ಒಯ್ದಿತು. ಕೇಳುವವರು ಹೆಚ್ಚಿದಂತೆ ಮೈನಾಗಳನ್ನೂ ಜೊತೆಗೆ ಸೇರಿಸಿಕೊಂಡು ಏಳು ಕಾಡುಗಳಿಗೆ ಹಾಡು ಮುಟ್ಟಿಸತೊಡಗಿತು.

ಚಳಿಗಾಲ ಮುಗಿಯುವಾಗ ವಲಸೆಯ ಹೆಬ್ಬಾತು ಬಂದು, "ಹೊಸ ಹಾಡೊಂದನ್ನು ಕಲಿಸು. ಹಿಮಾಲಯದಾಚೆಗೆ ಒಯ್ಯುತ್ತೇವೆ. ನಮ್ಮವರಿಗೆ ಹಿಡಿಸದಿದ್ದರೆ ಮಾತ್ರ ಇದೇ ಕೊನೆ" ಎಂದಿತು.

ಆಗ ಹೊಸ ಹಾಡು ಕಟ್ಟಿದ್ದು ಕೆರೆಬಯಲಿನ ಟಿಟ್ಟಿಭ ಹಕ್ಕಿಯೊಂದೇ. ಕಾಜಾಣ ಅಳುಕುತ್ತಲೇ ಕೇಳಿತು: "ಅಕ್ಕಾ, ಹಾಡು ಸ್ವಲ್ಪ ಸಪ್ಪೆ. ದೂರದವರಿಗೆ ರುಚಿಸಲಿಕ್ಕಿಲ್ಲ. ಕೊನೆಗೆ ಕೋಗಿಲೆಯ ಆಲಾಪ ಸೇರಿಸಲೇ?"

"ಬಯಲಲ್ಲಿ ಮೊಟ್ಟೆ ಇಟ್ಟು ಕಾಯುವವಳ ಹಾಡು ತಮ್ಮಾ ಇದು. ಆಲಾಪಕ್ಕೆ ಪುರುಸೊತ್ತೆಲ್ಲಿ? ಒಯ್ದರೆ ಹೀಗೇ ಒಯ್ಯಿ, ಇಲ್ಲವಾದರೆ ಬಿಡು."

ಕಾಜಾಣ ಮನಸ್ಸಿಲ್ಲದ ಮನಸ್ಸಿನಿಂದ ಇದ್ದಂತೆಯೇ ಕಲಿಸಿ ಕಳಿಸಿತು. ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಕೈಗೆ ಬಂದ ಅವಕಾಶ ಹಾಳುಮಾಡಿಕೊಂಡೆನೇನೋ ಎಂಬ ಕೊರಗು ಮಾತ್ರ ಕಳೆಯಲಿಲ್ಲ.

ಕಾರ್ತಿಕದಲ್ಲಿ ಹೆಬ್ಬಾತುಗಳು ಮತ್ತೆ ಕೆರೆಗಿಳಿದಾಗ ಹತ್ತಿರ ಹೋಗುವ ಧೈರ್ಯವೂ ಕಾಜಾಣಕ್ಕೆ ಬರಲಿಲ್ಲ. ಹೆಬ್ಬಾತೇ ಬಂದು ಕೇಳಿತು: "ಮುಂದಿನ ಹಾಡು ಸಿದ್ಧವಿದೆಯೇ?"

"ಅಂದರೆ, ಅದು ಹಿಡಿಸಿತೇ?"

"ಮರಿಗಳು ಹೊರಬರುವ ತನಕ ನಮ್ಮ ಹೆಣ್ಣುಗಳೆಲ್ಲ ಅದನ್ನೇ ಹಾಡಿಕೊಂಡು ಕಾವಿಗೆ ಕೂತಿದ್ದವು. ನಾವೂ ನೆಲದ ಮೇಲೆ ಮೊಟ್ಟೆ ಇಡುವವರೇ ಅಲ್ಲವೇ?"

ಕಾಜಾಣಕ್ಕೆ ಎದೆಯ ಭಾರ ಇಳಿದಂತಾಯಿತು. ಅಂದೇ ಅದು ಜೊಂಡಿನೊಳಗಿನ ನೀರುಕೋಳಿಯ ಬಳಿ ಹೋಗಿ, "ನೀನು ಹಾಡಮ್ಮಾ, ನಾನು ಕೇಳುತ್ತೇನೆ" ಎಂದು ಸುಮ್ಮನೆ ಕುಳಿತಿತು.