ಅರವತ್ತು ದಾಟಿದರೆ ನಡುಗುವ ಕೈ

ಬನ್ನಿ, ಚಾಪೆ ಈ ಕಡೆ ಎಳ್ಕೊಂಡು ಕೂತ್ಕೊಳ್ಳಿ. ಗೋಡೆಗೆ ಬೆನ್ನು ಕೊಡಿ. ದೊಡ್ಡ ಕಥೆಯೇನಲ್ಲ. ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಹಳೇ ಕಾರು, ಅಷ್ಟೇ.

ವೇದಾವತಿ ಹೊಳೆ ದಂಡೆ ಮೇಲೆ ಒಂದು ಆಶ್ರಮ. ಅಲ್ಲಿಯ ಗುರುಗಳನ್ನ ಎಲ್ಲರೂ ಅಜ್ಜಯ್ಯ ಅಂತಿದ್ದರು. ಯಾರೋ ಭಕ್ತರು ಕೊಟ್ಟ ಕಾರೊಂದಿತ್ತು. ಅದನ್ನ ಓಡಿಸೋನು ತಿಪ್ಪೇಶಿ. ಸುತ್ತಿನ ಹಳ್ಳಿಯ ಕಾಯಿಲೆಯವರನ್ನ ಊರಿನ ಆಸ್ಪತ್ರೆಗೆ ಮುಟ್ಟಿಸೋದು ಅವನ ಸೇವೆ. ಅವನಿಗೆ ಜಪ ಹತ್ತಲಿಲ್ಲ, ಸ್ಟೇರಿಂಗ್ ಹತ್ತಿತು.

ಆ ವರ್ಷ ಆಯುಧಪೂಜೆಗೆ ಕಾರನ್ನ ದೇವರ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ. ಮುಂದಿನ ಚಕ್ರಗಳ ಅಂಚಿಗೆ ಅಂಟಿದ್ದ ಕರೀ ಗಂಟುಗಳನ್ನೂ ಬಿಡದೆ ಎಬ್ಬಿಸಿ ಹೊಳೆಗೆ ಎಸೆದ.

ಹಬ್ಬ ಕಳೆದು ಕಾರು ತೆಗೆದ. ಡಾಂಬರು ರಸ್ತೆ ಹತ್ತಿ ವೇಗ ಹಿಡಿದಾಗ ಕೈ ನಡುಗಿತು.

ಬೇರೆ ಯಾರಾದರೂ ಆಗಿದ್ದರೆ ಕಾರನ್ನ ಬೈಯುತ್ತಿದ್ದರು. ತಿಪ್ಪೇಶಿ ತನ್ನ ಕೈ ನೋಡಿಕೊಂಡ.

ಯಾಕೆ ಅಂತೀರೋ? ಅವರಪ್ಪ ಕ್ಷೌರದವನು. ವಯಸ್ಸಾಗೋ ಮೊದಲೇ ಕೈ ನಡುಕ ಬಂತು. ಊರವರು ಕೆನ್ನೆ ಕೊಡೋದು ಬಿಟ್ಟರು. ಆಮೇಲೆ ಮಾತಾಡಿಸೋದೂ ಬಿಟ್ಟರು. ಮೂಲೆಯಲ್ಲಿ ಕೂತು, ಅರ್ಧ ಲೋಟ ಚಹಾ ಕುಡಿದು, ಹಾಗೇ ಒಂದು ದಿನ ಹೋಗಿಬಿಟ್ಟ.

ತಿಪ್ಪೇಶಿ ಯಾರಿಗೂ ಹೇಳಲಿಲ್ಲ. ಪಂಕ್ತಿ ಬಿಟ್ಟು ಕೊಟ್ಟಿಗೆ ಹಿಂದೆ ಒಬ್ಬನೇ ಊಟಕ್ಕೆ ಕೂರೋಕೆ ಶುರುಮಾಡಿದ. ಕೈಯನ್ನ ಪಂಚೆ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ತಿರುಗಿದ. ಲೋಟಕ್ಕೆ ಅರ್ಧವೇ ನೀರು ಹಾಕಿಕೊಂಡ. ಯಾರಾದರೂ ಹತ್ತಿರ ಬಂದರೆ ಎದ್ದು ಹೋಗುತ್ತಿದ್ದ. ಸಂಜೆ ಹೊಳೆ ಕಡೆ ಮುಖ ಮಾಡಿ ಕೂತರೆ ದೀಪ ಹಚ್ಚಿದರೂ ಒಳಗೆ ಬರುತ್ತಿರಲಿಲ್ಲ.

ಕೊನೆಗೊಂದು ಬೆಳಗ್ಗೆ ಗಂಟು ಕಟ್ಟಿಕೊಂಡು ಬಂದು ನಿಂತ.

"ಅಜ್ಜಯ್ಯಾ, ಅಪ್ಪಣೆ ಕೊಡಿ. ಹೊರಡ್ತೀನಿ."

"ಎಲ್ಲಿಗೋ?"

"ಎಲ್ಲಿಗಾದ್ರೂ. ನನ್ನ ಕೈ ಹೋಯ್ತು. ಅಪ್ಪನ ನಡುಕ ಬಂದಿದೆ. ಕಾಯಿಲೆಯವರನ್ನ ಕೂರಿಸ್ಕೊಂಡು ಹಳ್ಳಕ್ಕೆ ಬೀಳೋದು ಬೇಡ."

ಅಜ್ಜಯ್ಯ ಮಜ್ಜಿಗೆ ತರಿಸಿ ಲೋಟದ ಕಂಠದ ತನಕ ತುಂಬಿದರು. "ಬಸವಿಗೆ ಇದನ್ನ ಕುಡಿಸಿ ಬಾ."

ಬಸವಿ ಅಂದರೆ ಕೊಟ್ಟಿಗೆಯ ಮುದಿ ಹಸು. ತಿಪ್ಪೇಶಿ ಉಸಿರು ಹಿಡಿದು ಅಂಗಳ ದಾಟಿದ, ಕುಡಿಸಿ ಬಂದ.

ಅಜ್ಜಯ್ಯ ನೆಲ ನೋಡಿದರು. ಎಲ್ಲೂ ಒಂದು ತೊಟ್ಟೂ ಚೆಲ್ಲಿರಲಿಲ್ಲ.

"ಸರಿ, ಹೊರಡು. ಬಸ್ ಸ್ಟ್ಯಾಂಡ್ ತನಕ ಕಾರಲ್ಲೇ ಹೋಗು. ನಾನೂ ಬರ್ತೀನಿ."

"ಕಾರು ವಾಪಸ್ ತರೋರು ಯಾರು?"

"ನನಗಂತೂ ಓಡಿಸೋಕೆ ಬರಲ್ಲ. ನೀನೇ ತರಬೇಕು."

ಯಾವಾಗಲೂ ಹಿಂದೆ ಕೂತು ಕಣ್ಣು ಮುಚ್ಚೋರು ಅವತ್ತು ಮುಂದೆ ಕೂತರು.

"ಈಗ ನಡುಗ್ತದಾ?"

"ಇಲ್ಲ. ಇನ್ನೂ ನಲವತ್ತರಲ್ಲಿದೀವಿ."

"ಈಗ?"

"ಇನ್ನೂ ಇಲ್ಲ."

ಮೀಟರಿನ ಮುಳ್ಳು ಅರವತ್ತು ದಾಟಿತು. ತಿಪ್ಪೇಶಿ ಸ್ಟೇರಿಂಗ್ ಬಿಗಿಯಾಗಿ ಹಿಡಿದ. "ಶುರುವಾಯ್ತು, ಅಜ್ಜಯ್ಯಾ."

ಅಜ್ಜಯ್ಯ ತಮ್ಮ ಕೈ ಚಾಚಿ ಅವನ ಕೈ ಪಕ್ಕ ಸ್ಟೇರಿಂಗ್ ಮೇಲಿಟ್ಟರು. ಅದೂ ಗಡಗಡ ನಡುಗಿತು.

"ನಿಮ್ಮಪ್ಪ ನನಗೂ ಅಪ್ಪನೇನೋ?" ಅಂದರು.

ತಿಪ್ಪೇಶಿ ವೇಗ ಇಳಿಸಿದ. ಎರಡೂ ಕೈಗಳ ನಡುಕ ಒಟ್ಟಿಗೇ ನಿಂತಿತು.

"ಮನುಷ್ಯನ ಕೈ ಮೀಟರ್ ನೋಡ್ಕೊಂಡು ನಡುಗ್ತದಾ? ಎಷ್ಟು ದಿನ ಹೀಗೆ ಒಬ್ಬನೇ ಹಿಡ್ಕೊಂಡಿದ್ದೆ?"

"ಹಬ್ಬ ಆದಾಗಿಂದ."

"ಇನ್ನೊಂದು ಕೈ ಇಟ್ಟು ನೋಡು ಅಂತ ಯಾರನ್ನಾದ್ರೂ ಕೇಳಿದ್ದರೆ ಆವತ್ತೇ ಮುಗೀತಿತ್ತು."

ದಾರಿಯಲ್ಲಿ ದಾದಾಪೀರನ ಟೈರ್ ಅಂಗಡಿ. ಅಜ್ಜಯ್ಯ ಅಲ್ಲಿ ಕಾರು ನಿಲ್ಲಿಸು ಅಂದರು. ದಾದಾಪೀರ ಬಗ್ಗಿ ಮುಂದಿನ ಚಕ್ರ ನೋಡಿ ನಕ್ಕ.

"ಅಜ್ಜಯ್ಯನೋರೆ, ಇದರ ಸೀಸ ಯಾರು ಕಿತ್ತಿದ್ದು?"

"ಯಾವ ಸೀಸ?" ಅಂದ ತಿಪ್ಪೇಶಿ.

"ಅಂಚಲ್ಲಿ ಇರ್ತಾವಲ್ಲ, ಕರೀ ತುಂಡು. ಚಕ್ರ ಒಂದು ಕಡೆ ಭಾರ, ಒಂದು ಕಡೆ ಹಗುರ ಇರ್ತದೆ. ಹಗುರ ಇರೋ ಕಡೆ ಸೀಸ ಹೊಡೆದು ಸರಿದೂಗಿಸ್ತೀವಿ. ಇಲ್ಲದಿದ್ರೆ ಮೆಲ್ಲಗೆ ಹೋದಾಗ ಗೊತ್ತಾಗಲ್ಲ, ಓಡಿದಾಗ ಎಗರಾಡ್ತದೆ."

"ಕೊಳೆ ಅಂದ್ಕೊಂಡೆ, ದಾದಾ. ಪೂಜೆ ಅಂತ ಕ್ಲೀನ್ ಮಾಡಿದೆ."

"ಹಲ್ಲುಜ್ಜು ಅಂದ್ರೆ ಹಲ್ಲೇ ಕೀಳೋದಾ? ಹಿಂದಿನ ಚಕ್ರದ್ದು ಬಿಟ್ಟಿದೀಯಲ್ಲ, ಪುಣ್ಯ. ಅವೂ ಹೋಗಿದ್ರೆ ಅಜ್ಜಯ್ಯನೋರ ಸೀಟು ಕುಣೀತಿತ್ತು."

"ಅಷ್ಟೊತ್ತಿಗೆ ಮಂಗಳಾರತಿಗೆ ಕರೆದ್ರು."

ದಾದಾಪೀರ ಚಕ್ರ ಬಿಚ್ಚಿ ಮಿಷನ್ನಿಗೆ ಹಾಕಿ ತಿರುಗಿಸಿದ. ಹಗುರವಿದ್ದ ಕಡೆ ಬೆರಳುಗುರಿನಷ್ಟು ಸೀಸ ಕೂರಿಸಿ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಮತ್ತೆ ತಿರುಗಿಸಿದ. ಚಕ್ರ ಸದ್ದಿಲ್ಲದೆ ಸುತ್ತಿತು.

ಬಸ್ ಸ್ಟ್ಯಾಂಡ್ ಬಂತು, ಹೋಯಿತು. ಯಾರೂ ಇಳಿಯಲಿಲ್ಲ. ತಿಪ್ಪೇಶಿ ಅಲ್ಲೇ ಸುತ್ತು ಹಾಕಿ ಆಶ್ರಮದ ದಾರಿ ಹಿಡಿದ. ಮುಳ್ಳು ಅರವತ್ತು ದಾಟಿದರೂ ಸ್ಟೇರಿಂಗ್ ಮಲಗಿದ ಮಗುವಿನ ಹಾಗೆ ಇತ್ತು.

ಹೊಳೆ ಕಾಣಿಸೋ ಹೊತ್ತಿಗೆ ತಿಪ್ಪೇಶಿ ಅಂದ: "ಅಜ್ಜಯ್ಯಾ, ಅಪ್ಪನಿಗೆ ಅರ್ಧ ಲೋಟ ಕೊಡ್ತಿದ್ದೋನು ನಾನೇ. ಚೆಲ್ಲಿದ್ರೆ ನೆಲ ಒರೆಸಬೇಕಲ್ಲ ಅಂತ."

ಅಜ್ಜಯ್ಯ ಕಿಟಕಿ ಆಚೆ ನೋಡುತ್ತಾ ಕೂತರು.

ಆಮೇಲೆ ಏನಾಯಿತು ಅಂತೀರಾ? ದಾದಾಪೀರ ಪ್ರತಿ ಆಯುಧಪೂಜೆಗೆ "ಸೀಸ ಮುಟ್ಟಬೇಡ ಅನ್ನಿ" ಅಂತ ಹೇಳಿಕಳಿಸುತ್ತಿದ್ದ. ಅವನಿದ್ದಷ್ಟು ಕಾಲ ಅದು ತಪ್ಪಲಿಲ್ಲ. ಕಾರು ಮುದಿಯಾಗಿ ಬೇವಿನ ಮರದಡಿ ನಿಂತಿತು, ಕೋಳಿಗಳು ಅದರ ಸೀಟಿನಲ್ಲಿ ಕಾವು ಕೂತವು. ತಿಪ್ಪೇಶಿ ಆಶ್ರಮ ಬಿಡಲಿಲ್ಲ. ಊಟಕ್ಕೆ ಮತ್ತೆ ಪಂಕ್ತಿಯಲ್ಲೇ ಕೂತ.

ಅಜ್ಜಯ್ಯನಿಗೆ ವಯಸ್ಸಾಯಿತು. ಅವರ ಕೈಗೆ ನಿಜವಾದ ನಡುಕ ಬಂತು, ಯಾವ ಅಂಗಡಿಯಲ್ಲೂ ಸರಿಹೋಗದ್ದು. ಅವರು ಬಚ್ಚಿಡಲಿಲ್ಲ, ಎಲ್ಲರೆದುರೇ ತೊಡೆ ಮೇಲಿಟ್ಟುಕೊಂಡು ಕೂರುತ್ತಿದ್ದರು.

ಕೊನೆಗಾಲದಲ್ಲಿ ಒಂದು ಸಂಜೆ ನೀರು ಕೇಳಿದರು. ತಿಪ್ಪೇಶಿ ಹಳೇ ಅಭ್ಯಾಸದಲ್ಲಿ ಅರ್ಧ ಲೋಟಕ್ಕೆ ಕೈ ನಿಲ್ಲಿಸಿದ.

ಅಜ್ಜಯ್ಯ ಲೋಟ ನೋಡಿದರು, ಅವನನ್ನ ನೋಡಿದರು.

"ಪೂರ್ತಿ ತುಂಬೋ, ತಿಪ್ಪೇಶಿ. ಚೆಲ್ಲಿದ್ರೆ ಚೆಲ್ಲಲಿ. ನೀನು ಇದ್ದೀಯಲ್ಲ."