ಕಾಲುವೆಯ ಮೀನುಗಳು

"ಗುರುಗಳೇ, ಕೆಡುವುದೆಲ್ಲ ಕೆಟ್ಟಾಗಿದೆ. ಈಗ ಬೀಡಿ ಬಿಟ್ಟು ಏನು ಬಂತು?" ಎಂದು ಕರಿಬಸಯ್ಯ ಕೇಳಿದ.

ಅವನು ಮಠದ ಅಡುಗೆಯವನು. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಬೀಡಿಯ ಹೊಗೆಗೆ ರಕ್ತನಾಳದ ಒಳಗೋಡೆ ಹಾಳಾಗಿ ಕೊಬ್ಬು ಅಂಟಿದೆ, ಅದನ್ನು ಸಾಗಹಾಕಬೇಕಾದ ಒಳ್ಳೆಯ ಕೊಲೆಸ್ಟ್ರಾಲೂ ಇಳಿದುಹೋಗಿದೆ, ಹೀಗೇ ಸೇದುತ್ತಿದ್ದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಗುರುಗಳಿಂದ ನಾಲ್ಕು ಸಮಾಧಾನದ ಮಾತು ಸಿಕ್ಕೀತೆಂದು ಅವನು ಕಾದ. ಗುರುಗಳ ಮುಖ ಕೆಂಪೇರಿತು.

"ಬಾಯಿ ಮುಚ್ಚಿಕೊಂಡು ಕೇಳು" ಎಂದು ಅವರು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಹೊಗೆಸೊಪ್ಪು ಬೆಳೆಯುತ್ತಿದ್ದ. ಬೆಟ್ಟದ ಒರತೆಯಿಂದ ಅವನ ಮನೆಗೆ ಕಿರಿದಾದ ಕಲ್ಲುಕಾಲುವೆಯಲ್ಲಿ ನೀರು ಬರುತ್ತಿತ್ತು. ಬೇರೆ ನೀರಿರಲಿಲ್ಲ. ಪಾಚಿ ತಿನ್ನಲೆಂದು ಹಿರಿಯರು ಅದರಲ್ಲಿ ಸಣ್ಣ ಮೀನು ಬಿಟ್ಟಿದ್ದರು. ಈ ಮಹಾನುಭಾವ ಸೊಪ್ಪು ತುಂಬಿ ಖಾಲಿಮಾಡಿದ ಗೋಣಿಗಳನ್ನು ದಿನವೂ ಅದೇ ಕಾಲುವೆಯಲ್ಲಿ ಜಾಲಾಡಿದ. ಸೊಪ್ಪಿನ ನಂಜಿಗೆ ಮೀನು ಸತ್ತವು. ಪಾಚಿ ದಪ್ಪಗೆ ಕಟ್ಟಿತು, ನೀರು ಬೆರಳಿನಷ್ಟು ಸಣ್ಣಗಾಯಿತು. ಅವನು ಪಾಚಿಗೆ ಬೈದ, ಕಲ್ಲಿಗೆ ಬೈದ, ಕಾಲುವೆ ಕಟ್ಟಿದ ಹಿರಿಯರನ್ನೂ ಬಿಡಲಿಲ್ಲ.

"ಮೀನು ಕೊಲ್ಲೋರು ನೀವು, ಪಾಚಿಗ್ಯಾಕೆ ಬೈತೀರಿ? ಮಕ್ಕಳ ಬಾಯಿಗೆ ನೀರು ಬೇಡ್ವಾ?" ಎಂದು ಹೆಂಡತಿ ಸಿಡಿದಳು.

"ಸತ್ತ ಮೀನು ಎದ್ದು ಬರ್ತವೇನೆ? ಇನ್ನು ನಿಲ್ಸಿ ಏನುಪಯೋಗ?" ಎನ್ನುತ್ತ ಅವನು ಮತ್ತೊಂದು ಗೋಣಿ ಎತ್ತಿಕೊಂಡ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಗೋಣಿ ಕಿತ್ತು ದೂರ ಎಸೆದಳು. ಕಾಲುವೆಗೆ ಅಡ್ಡ ಕೂತವಳು ಏಳಲೇ ಇಲ್ಲ. ಅಂದಿನಿಂದ ಅವನು ಗೊಣಗುತ್ತಲೇ ಗೋಣಿಗಳನ್ನು ಹೊಲದ ಬದುವಿನಲ್ಲಿ ಒದರತೊಡಗಿದ. ನೀರಿನ ನಂಜು ಇಳಿಯಿತು. ಒರತೆಯ ಬಳಿ ಉಳಿದಿದ್ದ ಮೀನುಗಳು ಒಂದೊಂದಾಗಿ ಕೆಳಗೆ ಬಂದವು. ಕಲ್ಲಿಗೆ ಗಟ್ಟಿಯಾಗಿ ಹತ್ತಿದ್ದ ಹಳೆಯ ಪಾಚಿ ಪೂರ್ತಿ ಹೋಗಲಿಲ್ಲ. ಆದರೆ ಹೊಸ ಪಾಚಿ ಕಟ್ಟಲಿಲ್ಲ. ಮನೆಗೆ ನೀರು ಬರುವುದು ನಿಲ್ಲಲಿಲ್ಲ.

ಕರಿಬಸಯ್ಯನಿಗೆ ಹೋದ ಜೀವ ಬಂದಂತಾಯಿತು. "ಹಾಗಾದರೆ ಇನ್ನೂ ದಾರಿಯಿದೆ. ನಾಳೆಯಿಂದಲೇ ಬಿಟ್ಟುಬಿಡಲೇ, ಗುರುಗಳೇ?" ಎಂದ.

ಗುರುಗಳು ಎದ್ದು ನಿಂತರು.

"ನೀನು ಬಿಡುವ ದಾರಿ ಕೇಳಲು ಬಂದವನಲ್ಲ; ಇವತ್ತಿನ ಬೀಡಿಗೆ ನನ್ನ ಅಪ್ಪಣೆ ಕೇಳಲು ಬಂದವನು."