ಕುದುರೆಯ ಕಾಲುಗಳ ಜಗಳ

ಕೋತಿಯಮ್ಮನಿಗೆ ಮರಿಗಳು ಮೂರು, ಮನೆಗೆ ಕುದುರೆ ಒಂದೇ. ದೊಡ್ಡವನು ಹುಲ್ಲು ಹಾಕಬೇಕು, ನಡುವಿನವಳು ನೀರಿಡಬೇಕು, ಕಿರಿಯವನು ಲದ್ದಿ ಬಾಚಬೇಕು ಎಂದು ಅಮ್ಮ ಕೆಲಸ ಹಂಚಿದ್ದಳು. ಸವಾರಿ ಮಾತ್ರ ಮೂವರದೂ.

ಒಂದು ದಿನ ಸೋದರತ್ತೆಯ ಮನೆಯಲ್ಲಿ ಬಾಳೆಹಣ್ಣಿನ ಸೀಕರಣೆ ಊಟ. ಮೂವರೂ ತಲೆ ಬಾಚಿಕೊಂಡು ಕುದುರೆ ಹತ್ತಿದರು. ಕುದುರೆ ಅಲ್ಲಾಡಲಿಲ್ಲ.

"ಹೊರಡಪ್ಪ, ಸೀಕರಣೆ ಖಾಲಿಯಾಗುತ್ತೆ!" ಎಂದ ದೊಡ್ಡವನು.

"ಕ್ಷಮಿಸಬೇಕು, ನನ್ನ ಕಾಲುಗಳು ಜಗಳವಾಡುತ್ತಿವೆ," ಎಂದಿತು ಕುದುರೆ. "'ನಿನ್ನೆ ಮೊದಲ ಹೆಜ್ಜೆ ಇಟ್ಟವನು ನಾನೇ, ಇವತ್ತು ಎಡಗಾಲು ಇಡಲಿ' ಅನ್ನುತ್ತಿದೆ ಮುಂದಿನ ಬಲಗಾಲು. ಎಡಗಾಲಿಗೆ ಹೊಟ್ಟೆನೋವಂತೆ. ಹಿಂಗಾಲುಗಳೆರಡೂ, 'ನಾವಿನ್ನೂ ಚಿಕ್ಕವರು' ಅನ್ನುತ್ತಿವೆ."

"ಕಾಲಿಗೆ ಹೊಟ್ಟೆನೋವಾ? ಶುದ್ಧ ಸುಳ್ಳು!" ಎಂದಳು ನಡುವಿನವಳು.

"ನಿನ್ನಿಂದಲೇ ಕಲಿತಿದೆ, ತಾಯಿ. ನನ್ನ ನೀರಿನ ತೊಟ್ಟಿ ಬರಿದಾದ ದಿನವೆಲ್ಲ ನಿನಗೆ ಅದೇ ನೋವು."

ನಡುವಿನವಳು ತೆಪ್ಪಗೆ ಇಳಿದು ನೀರು ತಂದಳು. ದಿನವೂ 'ನಿನ್ನೆ ನಾನೇ ಹಾಕಿದ್ದೆ' ಎಂದು ಜಾರಿಕೊಳ್ಳುತ್ತಿದ್ದ ದೊಡ್ಡವನೂ ಹುಲ್ಲು ಹೊತ್ತು ತಂದ. ಕಿರಿಯವನು ಮಾತ್ರ, "ನಾನಿನ್ನೂ ಚಿಕ್ಕವನು," ಎಂದು ಮೇಲೆಯೇ ಕೂತ.

ಕುದುರೆ ತಿಂದು, ಕುಡಿದು, ಬಾಯಿ ಒರೆಸಿಕೊಂಡಿತು. "ಮುಂಗಾಲುಗಳು ಒಪ್ಪಿದವು. ಹಿಂಗಾಲುಗಳು ಇನ್ನೂ ಒಪ್ಪಿಲ್ಲ," ಎನ್ನುತ್ತಾ ಮುಂಗಾಲೆರಡನ್ನೂ ಮೇಲೆತ್ತಿತು. ಕಿರಿಯವನು ಬೆನ್ನಿನಿಂದ ಬಾಲಕ್ಕೆ ಜಾರಿ, ತಾನು ನಾಲ್ಕು ದಿನದಿಂದ ಬಾಚದೆ ಬಿಟ್ಟಿದ್ದ ಲದ್ದಿಯ ರಾಶಿಯಲ್ಲಿ ಕುತ್ತಿಗೆವರೆಗೆ ಹೂತುಹೋದ.

ಕುದುರೆ ಹಿಂದಿರುಗಿ ನೋಡಿತು.

"ಹೇಗೂ ಇಳಿದಿದ್ದೀಯಲ್ಲ, ಬಾಚಿಯೇ ಬಾರಪ್ಪ. ಹಿಂಗಾಲುಗಳು ಕಾಯುತ್ತಿವೆ."